ಬೆರಳು ಬೇಡದ ಡಬ್ಬ

ನನ್ನ ಅಡುಗೆಗೆ ಹೆಸರಿಡಿ, ನಾನು ಉಡುವ ಬಟ್ಟೆಗೆ ಹೆಸರಿಡಿ, ಮೂಗಿನ ತುದಿಯಲ್ಲೇ ಕೂತಿರುವ ನನ್ನ ಕೋಪಕ್ಕೂ ಬೇಕಾದರೆ ಹೆಸರಿಡಿ, ಸಹಿಸಿಕೊಂಡೇನು. ನಾನು ಮಾಡಿದ ರಟ್ಟಿನ ಡಬ್ಬಕ್ಕೆ ಮಾತ್ರ ಹೆಸರಿಡಬಾರದು. ಅಪ್ಪ ಬಿಟ್ಟುಹೋದ ಈ ಕಾರ್ಖಾನೆಯಲ್ಲಿ ಚಪ್ಪಲಿಗೆ, ಬಲ್ಬಿಗೆ, ಔಷಧದ ಸೀಸೆಗೆ, ತೆಳು ಗಾಜಿನ ಲೋಟಕ್ಕೆ ಡಬ್ಬ ಮಾಡಿಕೊಟ್ಟಿದ್ದೇನೆ. ಒಳಗಿನ ಸಾಮಾನು ಒಡೆಯಿತೆಂದು ಒಬ್ಬರೂ ಬಾಗಿಲಿಗೆ ಬಂದವರಲ್ಲ. ಕೊನೆಗೆ ಬಂದವಳು ನನ್ನ ಸ್ವಂತ ತಂಗಿ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಉದ್ದನೆಯ ಒಂದು ಕೋಣೆ, ರಟ್ಟು ಕತ್ತರಿಸುವ ಯಂತ್ರ, ಮಡಿಕೆಯ ಗೆರೆ ಒತ್ತುವ ಇನ್ನೊಂದು ಯಂತ್ರ, ಅಂಟು ಹಚ್ಚುವ ಮೇಜಿನ ಸುತ್ತ ಮೂವರು ಹೆಂಗಸರು. ತಂಗಿ ಅವರ ನಡುವೆಯೇ ಕೇಕಿನ ಡಬ್ಬ ತಂದಿಟ್ಟು ಮುಚ್ಚಳ ತೆಗೆದಳು. ಅವಳ ಗಂಡ ವ್ಯಾನಿನ ಕೀಲಿಕೈ ಹಿಡಿದುಕೊಂಡು ಬಾಗಿಲಲ್ಲೇ ನಿಂತ.

"ನೋಡು, ನಿನ್ನ ಡಬ್ಬದ ಯೋಗ್ಯತೆ ನೋಡು. ಇದು ಎರಡನೇ ಕೇಕ್."

ಬಿಳಿ ಕ್ರೀಮಿನ ಕೇಕು, ಮೇಲೆ ಸಕ್ಕರೆಯ ಗುಲಾಬಿಗಳು. ಪಕ್ಕದಲ್ಲಿ ಕ್ರೀಮು ಕಿತ್ತು ಒಳಗಿನ ಕಂದು ಬಣ್ಣ ಕಾಣುತ್ತಿತ್ತು. ಯಾರದೋ ಮಗುವಿನ ಹುಟ್ಟುಹಬ್ಬಕ್ಕೆಂದು ಹೋದದ್ದು ಹೋದ ದಾರಿಯಲ್ಲೇ ವಾಪಸು ಬಂದಿತ್ತು.

"ನನ್ನ ಡಬ್ಬಕ್ಕೇನಾಗಿದೆ? ನಿನ್ನ ಗಂಡ ಗುಂಡಿ ನೋಡದೆ ವ್ಯಾನು ಓಡಿಸಿರಬೇಕು."

"ಡಬ್ಬ ಸರಿಯಾಗಿದ್ದಿದ್ದರೆ ಗುಂಡಿ ಬಂದರೇನು?"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!" ಎಂದೆ. ಮೇಜಿನ ಸುತ್ತಲಿನ ಹೆಂಗಸರು ಕಿಸಕ್ಕನೆ ನಕ್ಕರು.

ನನ್ನ ತಂಗಿ ಒಂದಕ್ಕೆ ನಾಲ್ಕು ಆಡುವವಳು. ಅವತ್ತು ಒಂದಕ್ಕೆ ಒಂದೂ ಆಡಲಿಲ್ಲ. ಮುಚ್ಚಳ ಮುಚ್ಚಿ, ಸಣ್ಣ ದನಿಯಲ್ಲಿ, "ಮುಂದಿನ ವಾರ ಒಂದು ಮದುವೆ ಕೇಕ್ ಒಪ್ಪಿಕೊಂಡಿದ್ದೀನಿ. ಅದೂ ಹೀಗೇ ಆದರೆ ಓವನ್ ಆರಿಸಿಬಿಡ್ತೀನಿ ಅಕ್ಕ. ಸಾಕಾಗಿದೆ ನನಗೆ," ಎಂದಳು.

ಅವಳು ಓವನ್ ಆರಿಸುವುದೆಂದರೆ ಏನೆಂದು ನನಗೆ ಗೊತ್ತು. ಫ್ರಾಕ್ ಹಾಕುವ ವಯಸ್ಸಿನಲ್ಲೇ, ಅಪ್ಪ ಅಂಟು ಕಾಯಿಸಲು ಇಟ್ಟಿದ್ದ ಮೈದಾ ಹಿಟ್ಟಿಗೆ ಸಕ್ಕರೆ ಸುರಿದು, ಅಂಟಿನ ಪಾತ್ರೆಯಲ್ಲೇ ಕೇಕ್ ಬೇಯಿಸಲು ಹೊರಟವಳು ಅವಳು. ಅಪ್ಪ ಬೈಯಲಿಲ್ಲ. ಒಂದು ತುಂಡು ಬಾಯಿಗೆ ಹಾಕಿಕೊಂಡು, "ಚೆನ್ನಾಗಿ ಅಂಟುತ್ತೆ ಮಗಳೇ" ಎಂದಿದ್ದ. ಆಗಿನಿಂದ ಅವಳಿಗೆ ಬೇರೆ ಧ್ಯಾನವಿಲ್ಲ. ಕೇಕಿನ ಮಟ್ಟಿಗೆ ಅವಳದು ಎತ್ತಿದ ಕೈ. ಮನಸ್ಸು ಕೆಟ್ಟಾಗ ಜನ ಮಲಗುತ್ತಾರೆ, ಇವಳು ಮೊಟ್ಟೆ ಕಲಕುತ್ತಾಳೆ. ಓವನ್ ಇಲ್ಲದ ತಂಗಿಯನ್ನು ನಾನು ಊಹಿಸಿಕೊಳ್ಳಲಾರೆ.

ಹಾಗಂತ ಸೋಲೊಪ್ಪಲು ಮನಸ್ಸೂ ಇರಲಿಲ್ಲ. ಕೇಕನ್ನು ಬೆಳಕಿಗೆ ಎಳೆದುಕೊಂಡು ಪರೀಕ್ಷಿಸಿದೆ. ಡಬ್ಬದೊಳಗೆ ಸಾಮಾನು ಜಾರಿದರೆ ಗೋಡೆಗೆ ಗುರುತು ಬೀಳುತ್ತದೆ. ಗೋಡೆಗೆ ಕ್ರೀಮಿನ ಒಂದು ಚುಕ್ಕೆಯೂ ಇರಲಿಲ್ಲ. ಮುಚ್ಚಳ ತಗ್ಗಾಗಿದ್ದರೆ ಹೂವು ಅಪ್ಪಚ್ಚಿಯಾಗಬೇಕು, ಹೂಗಳು ನೆಟ್ಟಗಿದ್ದವು. ವ್ಯಾನು ಎತ್ತಿ ಹಾಕಿದ್ದರೆ ಕೇಕು ನಡುವೆ ಬಿರಿಯಬೇಕು, ಬಿರುಕಿಲ್ಲ. ಕೆಟ್ಟಿದ್ದು ಎರಡು ಪಕ್ಕ ಮಾತ್ರ. ತಳದ ಹತ್ತಿರ ಅತ್ತ ನಾಲ್ಕು ಗುಳಿ, ಇತ್ತ ನಾಲ್ಕು ಗುಳಿ. ನನ್ನ ಬೆರಳುಗಳನ್ನು ಹಿಡಿದು ನೋಡಿದೆ, ಗುಳಿಗಳ ಮೇಲೆ ಸರಿಯಾಗಿ ಕೂತವು. ಕೇಕು ದಾರಿಯಲ್ಲಿ ಕೆಟ್ಟದ್ದಲ್ಲ, ಡಬ್ಬಕ್ಕೆ ಇಳಿಸುವಾಗಲೇ ಕೆಟ್ಟದ್ದು. ಗೆದ್ದೆ ಎಂದುಕೊಂಡು ಬಾಯಿ ತೆರೆದೆ.

ಅಷ್ಟರಲ್ಲಿ ಹೆಂಗಸರಲ್ಲೊಬ್ಬಳು ನಮ್ಮಿಬ್ಬರಿಗೂ ಚಹಾ ತಂದಳು. ಸ್ಟೀಲಿನ ಲೋಟ, ಆಗಷ್ಟೇ ಕುದಿದ ಚಹಾ. ನಾನು ಸೆರಗಿನಲ್ಲಿ ಹಿಡಿದೆ. ತಂಗಿ ಐದೂ ಬೆರಳು ಸುತ್ತಿ, ತಣ್ಣೀರಿನ ಲೋಟ ಹಿಡಿದಂತೆ ಹಿಡಿದುಕೊಂಡಳು. ಹಿಡಿದೇ ಇದ್ದಳು.

"ಬಿಸಿ ಕಣೆ," ಎಂದೆ.

"ಹೂಂ, ಹೌದು," ಎಂದು ಗಾಬರಿಯಲ್ಲಿ ಕೆಳಗಿಟ್ಟಳು. ಬೆರಳ ತುದಿಗಳು ಕೆಂಪಾಗಿದ್ದವು. ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡು ನನ್ನ ಮುಖ ನೋಡಿದಳು, ನಾನು ಕಂಡೆನೋ ಇಲ್ಲವೋ ಎಂದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೆಲ ಡೊಂಕಿನ ಮಾತನ್ನು ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ. ತೆರೆದ ಬಾಯಲ್ಲಿ ಬೇರೆ ಮಾತು ಹಾಕಿದೆ.

"ನೀನು ಹೇಳಿದ್ದೇ ಸರಿ. ಈ ಡಬ್ಬದ ಗೋಡೆ ಎತ್ತರ ಜಾಸ್ತಿ ಆಯ್ತು. ನನ್ನದೇ ತಪ್ಪು. ಮದುವೆಗೆ ಬೇರೆ ಮಾಡಿಕೊಡ್ತೀನಿ."

ಮೇಜಿನ ಸುತ್ತ ಅಂಟಿನ ಕುಂಚಗಳು ನಿಂತವು. ನಾನು ತಪ್ಪೊಪ್ಪಿಕೊಂಡದ್ದನ್ನು ಅವರು ಯಾರೂ ಹಿಂದೆ ಕೇಳಿರಲಿಲ್ಲ.

ಹೊರಗೆ ವ್ಯಾನಿನ ಹತ್ತಿರ ತಂಗಿಯ ಗಂಡನನ್ನು ಹಿಡಿದೆ. ನಮ್ಮ ಬೀದಿಯಲ್ಲೇ ಆಡಿ ಬೆಳೆದವನು, ಅದಕ್ಕೇ ಏಕವಚನ. "ಏನಪ್ಪಾ, ಹೇಗೆ ಓಡಿಸ್ತೀಯಾ ನೀನು?" ಎಂದೆ.

"ನನ್ನದೇ ತಪ್ಪಿರಬೇಕು ಅಕ್ಕ. ಸ್ವಲ್ಪ ಜೋರಾಗಿ ಓಡಿಸಿಬಿಡ್ತೀನಿ ನೋಡಿ," ಎಂದ.

ಇವನ ವ್ಯಾನನ್ನು ಸೈಕಲ್ಲಿನವರು ಹಿಂದೆ ಹಾಕಿ ಹೋಗುವುದನ್ನು ನಾನೇ ಕಂಡಿದ್ದೇನೆ. ಅವನು ಕೀಲಿಕೈಯನ್ನೇ ನೋಡುತ್ತ ನಿಂತ. ನಾನೂ ಬೇರೇನೂ ಕೇಳಲಿಲ್ಲ. ಒಬ್ಬ ಹೆಂಗಸಿನ ಕೈ ಕಾಪಾಡಲು ಒಂದು ಡಬ್ಬವೂ ಒಂದು ವ್ಯಾನೂ ತಪ್ಪು ಹೊತ್ತುಕೊಂಡಿದ್ದವು.

ಮಾರನೆಯ ದಿನವೇ ಕೆಲಸಕ್ಕೆ ಕೂತೆ. ಬೆರಳಿಗೆ ಏನೂ ತಿಳಿಯದಿದ್ದರೆ ಡಬ್ಬ ಹೇಗಿರಬೇಕು? ನನ್ನ ಬೆರಳು ಅದನ್ನು ಹೇಳಲಾರದು. ರಟ್ಟಿನ ಎಳೆ ಯಾವ ಕಡೆ ಹರಿದಿದೆ ಎಂಬುದನ್ನೂ ಅದು ಕತ್ತಲಲ್ಲೇ ಹೇಳುತ್ತದೆ. ಹಾಗಾಗಿ ಯಂತ್ರ ಒರೆಸುವಾಗ ಹಾಕುವ ದಪ್ಪ ಚರ್ಮದ ಕೈಗವಸು ಹಾಕಿಕೊಂಡೆ. ಅದರೊಳಗೆ ಇನ್ನೊಂದು ಜೊತೆ, ಉಣ್ಣೆಯದು. ಬೆವರು ಧಾರಾಕಾರ. "ಯಜಮಾನಿಗೆ ಚಳಿ ಹತ್ತಿದೆ," ಎಂದು ಮೇಜಿನ ಕಡೆಯಿಂದ ಮಾತು ಬಂತು.

ಮೊದಲು ಮುಂದಿನ ಗೋಡೆ ಬಾಗಿಲಿನಂತೆ ತೆರೆಯುವ ಡಬ್ಬ ಮಾಡಿದೆ. ಕೇಕನ್ನು ಮೇಲಿಂದ ಇಳಿಸುವುದು ಬೇಡ, ತಳದ ಹಲಗೆಗೆ ಒಂದು ಪಟ್ಟಿ ಅಂಟಿಸಿ ಒಳಕ್ಕೆ ಎಳೆದುಕೊಂಡರಾಯಿತು. ಕೈಗವಸಿನಲ್ಲಿ ಆ ಪಟ್ಟಿ ಸಿಕ್ಕಲೇ ಇಲ್ಲ. ಆಮೇಲೆ ಕೇಕ್ ಇಳಿಸುವ ಕೆಲಸವನ್ನೇ ತೆಗೆದುಹಾಕಿದೆ: ದಪ್ಪ ರಟ್ಟಿನ ತಳ, ಅದಕ್ಕೆ ಅಂಟಿಕೊಂಡು ನಾಲ್ಕು ಗೋಡೆಗಳು ಮೇಜಿನ ಮೇಲೆ ಅಂಗಾತ ಬಿದ್ದಿರುತ್ತವೆ. ಕೇಕು ತಳದ ಮೇಲೇ ಸಿಂಗಾರವಾಗಲಿ, ಆಮೇಲೆ ಗೋಡೆಗಳು ಅದರ ಸುತ್ತ ಎದ್ದು ನಿಲ್ಲಲಿ. ಒಳ್ಳೆಯ ಡಬ್ಬ. ಆದರೆ ಮೂಲೆಯಲ್ಲಿ ಒಂದು ಗೋಡೆಯ ಅಂಚಿನ ರಟ್ಟಿನ ನಾಲಿಗೆಯನ್ನು ಪಕ್ಕದ ಗೋಡೆಯ ಸೀಳಿಗೆ ಸಿಕ್ಕಿಸಬೇಕು. ನಮ್ಮ ಕಸುಬಿನ ಜಾಣತನವೆಲ್ಲ ಇರುವುದು ಆ ನಾಲಿಗೆಯಲ್ಲೇ, ಕೈಗವಸಿಗೆ ಅದು ದಕ್ಕಲಿಲ್ಲ. ಸಿಟ್ಟಿನಿಂದ ಡಬ್ಬವನ್ನು ಗೋಡೆಗೆ ಎಸೆದೆ. ಎಸೆದ ಮೇಲೆ ಎತ್ತಿಕೊಂಡು ಬಂದೆ, ಇನ್ನೇನು ಮಾಡುವುದು.

ದಾರಿ ಹೊಳೆದದ್ದು ಹಗ್ಗದ ಮೇಲೆ ಒಣಗುತ್ತಿದ್ದ ಪೈಜಾಮ ನೋಡಿ. ಲಾಡಿ! ನಾಲ್ಕೂ ಗೋಡೆಗಳ ಮೇಲಂಚಿನಲ್ಲಿ ತೂತು ಮಾಡಿ ಸುತ್ತಲೂ ಅಗಲವಾದ ರಿಬ್ಬನ್ ಪೋಣಿಸಿದೆ. ತುದಿಯಲ್ಲಿ ಕೈ ತೂರುವಷ್ಟು ದೊಡ್ಡ ಕುಣಿಕೆ. ಕುಣಿಕೆಗೆ ಮಣಿಕಟ್ಟು ತೂರಿಸಿ ಎಳೆದರೆ ನಾಲ್ಕು ಗೋಡೆಗಳೂ ಒಟ್ಟಿಗೆ ಮೇಲೇಳುತ್ತವೆ, ಮೇಲಿಂದ ಮುಚ್ಚಳ ಇಟ್ಟು ಅಂಗೈಯಲ್ಲಿ ಒತ್ತಿದರೆ ಮುಗಿಯಿತು. ಬೆರಳಿಗೆ ಅಲ್ಲಿ ಕೆಲಸವೇ ಇಲ್ಲ. ಗೋಡೆಗಳು ಎದ್ದು ನಿಂತದ್ದು ನೋಡಿ ಕೈಗವಸಿನಲ್ಲೇ ಚಪ್ಪಾಳೆ ಹೊಡೆದೆ. ಬಾಗಿಲಲ್ಲಿ ತಂಗಿ ನಿಂತಿದ್ದಳು.

"ಇದೇನು, ಈ ಸೆಕೆಯಲ್ಲಿ ಗ್ಲೌಸ್?"

"ರಟ್ಟಿನ ಅಂಚು ಕೊಯ್ಯುತ್ತೆ."

"ಹುಟ್ಟಿದಾಗಿನಿಂದ ಕೊಯ್ಯದ ರಟ್ಟು ಇವತ್ತು ಕೊಯ್ತಾ?"

ಸುಳ್ಳು ಹೇಳಿ ಅಭ್ಯಾಸವಿರಬೇಕು, ನನಗಿಲ್ಲ. ಅವಳು ಕುಣಿಕೆಯನ್ನು ನೋಡಿದಳು, ಕೈಗವಸನ್ನು ನೋಡಿದಳು, ರಟ್ಟಿನ ಕಟ್ಟಿನ ಮೇಲೆ ಕುಸಿದು ಕೂತಳು. ಹೆಂಗಸರು ತಾವಾಗಿಯೇ ಎದ್ದು ಚಹಾದ ನೆಪದಲ್ಲಿ ಹೊರಗೆ ಹೋದರು.

"ನಮ್ಮನೆಯವರಿಗೂ ಗೊತ್ತಾ?" ಎಂದಳು.

"ಜೋರಾಗಿ ಓಡಿಸ್ತೀನಿ ಅಂತ ಒಪ್ಪಿಕೊಂಡ."

ಅದಕ್ಕೆ ಅವಳಿಗೆ ನಗು ಬಂತು. ನಗುನಗುತ್ತಲೇ ಅಳತೊಡಗಿದಳು. ಅಳುವಾಗಲೇ ಎಲ್ಲ ಹೇಳಿದಳು. ಚಳಿಗಾಲದಿಂದಲೂ ಬೆರಳುಗಳಿಗೆ ಜೋಮು. ಬೆಳಿಗ್ಗೆ ಎದ್ದರೆ ಅವು ಯಾರದೋ ಬೆರಳು. ಹೂವು ಮಾಡುವಾಗ ಕಷ್ಟವಿಲ್ಲ, ಎದುರಿಗೆ ಕಾಣುವುದನ್ನು ಕಣ್ಣು ನೋಡಿಕೊಳ್ಳುತ್ತದೆ. ಡಬ್ಬದೊಳಗೆ ಕೈ ಇಳಿದ ಮೇಲೆ ಕಣ್ಣಿಗೆ ಏನೂ ಕಾಣದು, ಅಲ್ಲಿ ಬೆರಳೇ ನೋಡಬೇಕು.

"ಡಾಕ್ಟರಿಗೆ ತೋರಿಸೋದು ತಾನೇ?"

"ಕೆಲಸ ಬಿಡು ಅಂದರೆ? ಹೊರಗೆ ಗೊತ್ತಾದರೆ ಇನ್ನೂ ಚೆನ್ನಾಯ್ತು. ಕೈ ಸತ್ತವಳ ಹತ್ತಿರ ಯಾರು ಕೇಕ್ ಮಾಡಿಸ್ತಾರೆ? ಯಾರಿಗೂ ಹೇಳಬೇಡ ಅಕ್ಕ."

"ಕೈ ಸತ್ತವಳಂತೆ! ಇನ್ನೊಂದು ಸಲ ಆ ಮಾತು ಆಡಿದರೆ ನೋಡು," ಎಂದು ಗದರಿದೆ. ಗದರುವುದು ಬಿಟ್ಟು ನನಗೇನು ಬರುತ್ತದೆ? ಅವಳನ್ನು ಎದೆಗೆ ಎಳೆದುಕೊಳ್ಳಬೇಕೆನಿಸಿತು, ಎಳೆದುಕೊಂಡೆ. ಅವಳು ನನಗಿಂತ ದಪ್ಪ, ತೋಳು ಸಾಲಲಿಲ್ಲ. ಮೂಗು ಒರೆಸಿಕೊಂಡು ಅವಳೇ ಬಿಡಿಸಿಕೊಂಡಳು.

"ಆ ಗ್ಲೌಸ್ ತೆಗಿ. ಅಷ್ಟೊಂದು ಮರಗಟ್ಟಿಲ್ಲ ನನ್ನ ಕೈ. ಇಲ್ಲಿ ಕೊಡು, ನಾನೇ ನೋಡ್ತೀನಿ."

ನೋಡಿದವಳೇ ತಪ್ಪು ಹುಡುಕತೊಡಗಿದಳು. ಕುಣಿಕೆ ಚಿಕ್ಕದಾಯಿತು. ಮುಚ್ಚಳ ಭಾರ. "ಫ್ರಿಜ್‌ನಲ್ಲಿ ಒಂದು ರಾತ್ರಿ ಇಟ್ಟರೆ ಡಬ್ಬದ ಒಳಗೆಲ್ಲ ನೀರು ಬೆವರುತ್ತೆ, ಹೂವು ಕರಗುತ್ತೆ, ಅದಕ್ಕೇನು ಮಾಡಿದ್ದೀಯಾ?" ನಾನು ಮುಚ್ಚಳದ ಅಂಚಿನ ಕೆಳಗೆ ಸಾಲಾಗಿ ಗಾಳಿತೂತು ಕೊರೆದೆ, ಒಳಗೋಡೆಗೆ ಮೇಣದ ಕಾಗದ ಅಂಟಿಸಿದೆ. "ಕೇಕ್ ತಳದ ಮೇಲೆ ಜಾರಿದರೆ?" ನಾಲ್ಕು ಮೂಲೆಗೆ ರಟ್ಟಿನ ಬೆಣೆ ಇಟ್ಟೆ. ನನ್ನ ಡಬ್ಬಕ್ಕೆ ಅಷ್ಟೊಂದು ಹೆಸರಿಟ್ಟದ್ದು ನನಗೆ ಆ ದಿನ ಒಂದಿಷ್ಟೂ ಕೋಪ ತರಿಸಲಿಲ್ಲ.

ಮದುವೆಯ ದಿನ ನಾನೂ ವ್ಯಾನು ಹತ್ತಿದೆ. ಹೊರಡುವ ಮೊದಲು ತಂಗಿ ಕೇಕಿನ ಸುತ್ತ ಒಂದು ಸುತ್ತು ಬಂದು, ಕುಣಿಕೆಯಲ್ಲಿ ಮಣಿಕಟ್ಟು ತೂರಿಸಿ, ಉಸಿರು ಬಿಗಿಹಿಡಿದು ಎಳೆದಳು. ಗೋಡೆಗಳು ಎದ್ದವು. ಮುಚ್ಚಳ ಕೂತಿತು. ದಾರಿಯುದ್ದಕ್ಕೂ ಅವಳ ಗಂಡ ಎಂದಿಗಿಂತ ನಿಧಾನವಾಗಿ ಓಡಿಸಿದ, ಹಿಂದಿನ ಗಾಡಿಗಳ ಹಾರ್ನಿನ ಜೊತೆ ನನ್ನ ಬೈಗುಳವನ್ನೂ ಕೇಳಿಸಿಕೊಂಡ.

ಮದುವೆ ಮನೆಯ ಹಿಂದಿನ ಕೋಣೆಯಲ್ಲಿ ಮದುಮಗಳ ಸೋದರತ್ತೆ ಕಾಯುತ್ತಿದ್ದರು. ತಂಗಿ ಮುಚ್ಚಳ ಎತ್ತಿ ರಿಬ್ಬನ್ ಸಡಿಲಿಸಿದಳು. ನಾಲ್ಕು ಗೋಡೆಗಳೂ ಮೆಲ್ಲಗೆ ಹೊರಕ್ಕೆ ಬಿದ್ದವು. ನಡುವೆ ಕೇಕು ನಿಂತಿತ್ತು, ಒಂದೇ ಒಂದು ಕಲೆಯಿಲ್ಲದೆ. ನನ್ನ ಕಣ್ಣು ಮೊದಲು ಹೋದದ್ದು ತಳದ ಹತ್ತಿರಕ್ಕೆ, ಎರಡು ಪಕ್ಕಕ್ಕೂ. ನುಣ್ಣಗಿತ್ತು.

"ಅಬ್ಬಾ, ಕೇಕಿನ ಮಾತು ಬಿಡಿ, ಇಂಥ ಬಾಕ್ಸೇ ನೋಡಿರಲಿಲ್ಲ ನಾನು! ಎಲ್ಲಿಂದ ತರಿಸಿದ್ರಿ?" ಎಂದರು ಸೋದರತ್ತೆ.

ಕೊಚ್ಚಿಕೊಳ್ಳಲು ಇಂಥ ಅವಕಾಶ ನನಗೆ ಮತ್ತೆ ಸಿಗುವುದಿಲ್ಲ. ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ತಂಗಿಯೇ ಮಾತಾಡಿದಳು.

"ನಮ್ಮಕ್ಕ ಮಾಡಿದ್ದು. ನನ್ನ ಬೆರಳು ಜೋಮು ಹಿಡಿದಿರುತ್ತೆ, ಮುಟ್ಟಿದ್ದು ಗೊತ್ತಾಗಲ್ಲ. ಹಳೇ ಡಬ್ಬಕ್ಕೆ ಇಳಿಸುವಾಗ ಕೈ ತಾಗಿ ಕೇಕ್ ಹಾಳಾಗ್ತಿತ್ತು. ಅದಕ್ಕೇ ಬೆರಳು ಬೇಡದ ಡಬ್ಬ ಮಾಡಿಕೊಟ್ಟಳು."

ಕೇಕನ್ನು ಬಿಸಿಲಿಗೆ ಇಡಬೇಡಿ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು. ವ್ಯಾನಿನ ಕೀಲಿಕೈ ಕೆಳಗೆ ಬಿದ್ದ ಸದ್ದಾಯಿತು. ಸೋದರತ್ತೆ ಅವಳ ಕೈಗಳನ್ನು ನೋಡಿದರು, ಕೇಕಿನ ಮೇಲಿನ ಹೂಗಳನ್ನು ನೋಡಿದರು.

"ಡಾಕ್ಟರಿಗೆ ತೋರಿಸಿದ್ರಾ?" ಎಂದಷ್ಟೇ ಕೇಳಿದರು.

"ನಾಳೆ ತೋರಿಸ್ತೀನಿ. ಅಕ್ಕ ಜೊತೆಗೆ ಬರ್ತಾಳೆ."

ನಾಳೆ ನಾನು ಹೋಗುವವಳು ಎಂಬುದು ನನಗೆ ಗೊತ್ತಾದದ್ದೇ ಆಗ. ಬೇರೆ ದಿನವಾಗಿದ್ದರೆ, ನನ್ನನ್ನು ಒಂದು ಮಾತು ಕೇಳಬಾರದಿತ್ತಾ ಎಂದು ಜಗಳ ತೆಗೆಯುತ್ತಿದ್ದೆ. "ಎಷ್ಟು ಹೊತ್ತಿಗೆ ಬರಲಿ?" ಎಂದೆ.

"ಬೇಗ ಬಾ," ಎಂದು ನನ್ನ ಕೈ ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಹಿಡಿದಿದ್ದಾಳೆಂದು ಅವಳ ಬೆರಳುಗಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು. ನೋಯುತ್ತಿತ್ತು, ನಾನು ಬಿಡಿಸಿಕೊಳ್ಳಲಿಲ್ಲ.