ನುಂಗುವ ತನಕ

ಅಂಗನವಾಡಿಯ ಒಲೆ ಮುಂದೆ ಕಡ್ಡಿ ಗೀರಲು ಹೋದ ಸಹಾಯಕಿ ದಾನವ್ವನನ್ನು ಬಾಗಿಲಿಗೆ ಬಂದ ಬ್ಯಾಟರಾಯಪ್ಪನ ದನಿ ತಡೆಯಿತು.

"ಏನಮ್ಮ, ಎದುರುಗಡೆ ಎಣ ಮಲಗೈತೆ, ನೀನು ಒಲೆ ಅಚ್ತೀಯಾ?"

ಎದುರು ಮನೆಯ ಜಗಲಿಯಲ್ಲಿ ಅವನ ಅತ್ತಿಗೆ ಮುನಿನಾರಾಯಣಮ್ಮ ಮಲಗಿದ್ದಳು. ಇಪ್ಪತ್ತಾರು ವರ್ಷ ಈ ಅಂಗನವಾಡಿಯ ಟೀಚರ್. ನಿನ್ನೆ ಸಂಜೆ ಯಲಹಂಕದ ಮೀಟಿಂಗ್ ಮುಗಿಸಿ ಬಂದವಳು ಬಸ್ಸಿಳಿದ ಜಾಗದಲ್ಲೇ ಕುಸಿದಿದ್ದಳು. ಮೈಯಲ್ಲಿ ರಕ್ತವೇ ಇರಲಿಲ್ಲ ಅಂದರಂತೆ ಡಾಕ್ಟರು. ಹೆಣ ಎತ್ತುವವರೆಗೆ ಬೀದಿಯಲ್ಲಿ ಒಲೆ ಉರಿಯುವಂತಿಲ್ಲ. ತವರಿನ ಸೀರೆ ಹೊದಿಸದೆ ಹೆಣ ಎತ್ತುವಂತಿಲ್ಲ. ಸೀರೆ ತರಬೇಕಾದ ತಮ್ಮ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿದ್ದ. ಮಧ್ಯಾಹ್ನ ಎರಡು ಗಂಟೆಯಾಗಿತ್ತು.

ಒಳಗೆ ಗೋಡೆಗೊರಗಿ ಶಿಲ್ಪ ಕೂತಿದ್ದಳು. ಏಳು ತಿಂಗಳು. ಬಸುರಿ ಹೆಣದ ಹತ್ತಿರ ಸುಳಿಯಬಾರದೆಂದು ಅತ್ತೆ ಇಲ್ಲಿ ಕೂರಿಸಿ ಹೋಗಿದ್ದಳು.

"ರಾತ್ರಿ ಏನ್ ಉಂಡೆ?" ದಾನವ್ವ ಕೇಳಿದಳು.

"ಸಾವಿನ್ ಸುದ್ದಿ ಬಂತಲ್ಲಕ್ಕ. ಅಂಗೇ ಮಲಗಿದ್ವಿ."

*

ತಾಯಂದಿರ ಸಭೆಯಲ್ಲಿ ಟೀಚರ್ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ರಾತ್ರಿ ಮೊದ್ಲು ಉಂಡೋರ್ ಯಾರು?"

"ಮಾವ. ಆಮೇಲೆ ನಮ್ಮೆಜಮಾನ್ರು, ಮಕ್ಳು."

"ನೀನು?"

ಹೆಂಗಸರು ನಗುತ್ತಿದ್ದರು. ಟೀಚರ್ ತಳ ಹಿಡಿದ ಪಾತ್ರೆಯೊಂದನ್ನು ಅವರ ಮುಂದೆ ತಳ್ಳುತ್ತಿದ್ದಳು. "ಇದನ್ನ ಕೆರಕೊಂಡ್ ತಿಂದು ಮಗು ಎರ್ತೀಯಾ?"

ಮನೆಗೆ ಕೊಟ್ಟ ಮೊಟ್ಟೆ ಇನ್ಯಾರದೋ ತಟ್ಟೆಗೆ ಹೋಗುತ್ತದೆಂದು ಬಸುರಿಯರನ್ನು ಇಲ್ಲೇ ಕೂರಿಸಿ, ಸೊಂಟಕ್ಕೆ ಕೈಕೊಟ್ಟು, ನುಂಗುವ ತನಕ ನಿಲ್ಲುತ್ತಿದ್ದಳು. "ಬಾಯ್ ತೆಗಿ, ನೋಡಾನ."

"ಇದೇನ್ ಪೊಲೀಸ್ ಸ್ಟೇಷನ್ನಾ ಟೀಚರ್?"

"ಊಂ ಕಣೆ, ಮೊಟ್ಟೆ ಕಳ್ಳಿ."

"ನೀವೇನ್ ಉಂಡ್ರಿ?" ಎಂದು ದಾನವ್ವ ಒಮ್ಮೆ ಕೇಳಿದ್ದಳು.

"ಆಮೇಲೆ. ರಿಜಿಸ್ಟರ್ ಬರ್ದು."

ರಾಶಿ ರಿಜಿಸ್ಟರುಗಳು. ಎಷ್ಟು ಮಕ್ಕಳು, ಎಷ್ಟು ತೂಕ, ಎಷ್ಟು ಮೊಟ್ಟೆ, ಎಲ್ಲ ಸರ್ಕಾರಕ್ಕೆ ಬೇಕಿತ್ತು. ಬಡಿಸಿದವಳು ಉಂಡಳೇ ಎಂದು ಕೇಳುವ ಕಾಲಂ ಒಂದರಲ್ಲೂ ಇರಲಿಲ್ಲ.

*

"ನಾಚ್ಕೆ ಆಗಲ್ವಾ ನಿಂಗೆ?" ಬ್ಯಾಟರಾಯಪ್ಪ ಕದಲಲಿಲ್ಲ.

ದಾನವ್ವನಿಗೆ ಜಗಳಕ್ಕೂ ತ್ರಾಣವಿರಲಿಲ್ಲ. "ಆಗ್ತೈತಣ್ಣ. ಟೀಚರ್ ಉಣ್ದೇ ಇರೋದ್ನ ದಿನಾ ನೋಡ್ಕೊಂಡೂ ಸುಮ್ನಿದ್ನಲ್ಲ, ಅದಕ್ಕೆ."

ಕಡ್ಡಿ ಗೀರಿದಳು. ನೀರಿಗೆ ಎರಡು ಮೊಟ್ಟೆ ಇಳಿಬಿಟ್ಟಳು. ಬ್ಯಾಟರಾಯಪ್ಪ ಉರಿಯುವ ಒಲೆಯನ್ನೇ ಒಂದು ಗಳಿಗೆ ನೋಡಿ, ಟವೆಲ್ ಕೊಡವಿ ಹೊರಟುಹೋದ.

ಮೊಟ್ಟೆ ಬೆಂದು ಸಿಪ್ಪೆ ಸುಲಿಯುವಷ್ಟರಲ್ಲಿ ತವರಿನ ಸೀರೆ ಬಂತು. ತಮಟೆ ಶುರುವಾಯಿತು. ಎದ್ದು ನೋಡಹೊರಟ ಶಿಲ್ಪಳ ಭುಜ ಒತ್ತಿ ಕೂರಿಸಿ, ದಾನವ್ವ ಸೊಂಟಕ್ಕೆ ಕೈಕೊಟ್ಟು ನಿಂತಳು. ಶಿಲ್ಪ ಅಳುತ್ತಲೇ ಒಂದನ್ನು ತಿಂದು ಮುಗಿಸಿದಳು. ಎರಡನೆಯದನ್ನು ಮುಟ್ಟಲಿಲ್ಲ.

"ನೀನೇನ್ ಉಂಡೆ ಅಕ್ಕ, ನಿನ್ನೆಯಿಂದ?"

"ಆಮೇ..." ಎಂದ ದಾನವ್ವ ಅಲ್ಲಿಗೇ ನಿಲ್ಲಿಸಿದಳು.

ಶಿಲ್ಪ ಗೋಡೆ ಹಿಡಿದು ಎದ್ದಳು. ಮೊಟ್ಟೆಯನ್ನು ಅವಳ ಕೈಗಿಟ್ಟು, ತನ್ನ ಸೊಂಟಕ್ಕೆ ಕೈಕೊಟ್ಟು ಕಾದಳು.

"ಬಾಯ್ ತೆಗಿ, ನೋಡಾನ."

ಚಟ್ಟ ಬೀದಿಯ ತಿರುವು ದಾಟುತ್ತಿತ್ತು. ದಾನವ್ವ ನುಂಗಿ, ಬಾಯಿ ಅಗಲಿಸಿ ತೋರಿಸಿದಳು.