ಮೂವತ್ತೊಂಬತ್ತನೆಯ ಹೆಸರು

ಹಲಗೆಗೆ ಅಂಟಿಸಿದ್ದ ಯಾದಿಯನ್ನು ಮುರಿಗೆಪ್ಪ ಮಾಸ್ತರರು ಮೂರನೆಯ ಸಲ ಮೇಲಿನಿಂದ ಓದತೊಡಗಿದರು. ಹಿಂದೆ ನಿಂತವರು ಅವರ ಭುಜದ ಮೇಲಿಂದ ಇಣುಕುತ್ತಿದ್ದರು. "ಓದೂದು ಮುಗದಿದ್ರ ಚೂರು ಸರೀರಿ" ಎಂದು ಯಾರೋ ಅಂದರೂ ಅವರು ಜಾಗ ಬಿಡಲಿಲ್ಲ. ಮೂವತ್ತೊಂಬತ್ತು ಹೆಸರುಗಳಲ್ಲಿ ಸತ್ತೆಪ್ಪನದು ಇರಲಿಲ್ಲ, ಯಲ್ಲಾರಿಯದೂ ಇರಲಿಲ್ಲ.

ಗೋಕಾಕದ ಆ ಹೈಸ್ಕೂಲು ಹೊಸದು. ಮೂಡಲಗಿ, ಹುಕ್ಕೇರಿ ಕಡೆಯಿಂದಲೂ ಬಂದು ಇನ್ನೂರಕ್ಕೂ ಹೆಚ್ಚು ಹುಡುಗರು ಪರೀಕ್ಷೆ ಬರೆದಿದ್ದರು. ಇದ್ದದ್ದು ನಲವತ್ತು ಜಾಗ. ಅರಭಾವಿಯ ಕನ್ನಡ ಸಾಲೆಯಿಂದ ಮಾಸ್ತರರು ಇಬ್ಬರನ್ನೇ ತಯಾರು ಮಾಡಿದ್ದರು. ಇಬ್ಬರೂ ಊರ ಹೊರಗಿನ ಕೇರಿಯವರು, ಒಂದೇ ಗೋಡೆಯ ಆಚೆ ಈಚೆ ಮನೆಯವರು, ಒಂದೇ ಪುಸ್ತಕವನ್ನು ಹಂಚಿಕೊಂಡು ಓದಿದವರು. ಫಲಿತಾಂಶ ನೋಡಲು ಇವತ್ತು ನಸುಕಿನಲ್ಲೇ ಎದ್ದು, ಹೊಳೆ ದಾಟಿ, ಮಾಸ್ತರರ ಸಂಗಡ ನಡೆದು ಬಂದಿದ್ದರು. ಈಗ ಅಂಗಳದ ಬೇವಿನ ಮರದ ಕೆಳಗೆ ನಿಂತು ಮಾಸ್ತರರ ಬೆನ್ನನ್ನೇ ನೋಡುತ್ತಿದ್ದರು.

"ಮಾಮಾ! ನಂದು ಐತಿ!"

ಕೈ ಹಿಡಿದು ಜಗ್ಗಿದವನು ಅಪ್ಪಣ್ಣ, ಗೋಕಾಕದಲ್ಲೇ ಇರುವ ತಂಗಿ ಗೌರವ್ವನ ಮಗ. "ಕಡೀಕಿದ್ರೂ ಐತಿ ನೋಡ್ರಿ, ಮೂವತ್ತೊಂಬತ್ತನೇದು. ಅವ್ವಗ ಹೇಳ್ತೇನಿ, ನೀವೂ ಊಟಕ್ಕ ಬರ್ರಿ ಮತ್ತ" ಎಂದವನೇ ಓಡಿಬಿಟ್ಟ. ಮಾಸ್ತರರು ನಕ್ಕರು. ನಗುತ್ತಲೇ ಹಲಗೆಯ ಇನ್ನೊಂದು ಮೂಲೆಗೆ ಕಣ್ಣು ಹೋಯಿತು. ಅಲ್ಲಿ ಬೇರೊಂದು ಸಣ್ಣ ಹಾಳೆ ಇತ್ತು. "ಹರಿಜನರಿಗಾಗಿ ಕಾದಿಟ್ಟ ಸ್ಥಾನ: ಒಂದು." ಅದರ ಕೆಳಗೆ ಒಂದೇ ಹೆಸರು. ಸತ್ತೆಪ್ಪ, ಅರಭಾವಿ, ಮಾರ್ಕು ಇನ್ನೂರ ನಲವತ್ತೇಳು.

ಎದೆ ತುಂಬಿ ಬಂತು. ಮರುಕ್ಷಣ ಆ ಅಂಕಿ ಕಣ್ಣಿಗೆ ಚುಚ್ಚಿತು. ದೊಡ್ಡ ಹಾಳೆಯಲ್ಲಿ ಮೊದಲನೆಯವನದು ಇನ್ನೂರ ಐವತ್ತೊಂದು, ಎರಡನೆಯವನದು ಇನ್ನೂರ ಮೂವತ್ತೊಂಬತ್ತು. ಹಾಗಾದರೆ ಎರಡನೆಯವನು ಯಾರು? ಸತ್ತೆಪ್ಪನಲ್ಲವೇ? ಎರಡನೆಯವನಾದವನು ಈ ಮೂಲೆಯ ಹಾಳೆಗೆ ಯಾಕೆ ಬಂದ?

ಹೆಡ್ ಮಾಸ್ತರರು ಧಾರವಾಡದ ಕಡೆಯವರು, ಸಂಭಾವಿತರು. ಕೇಳಲೆಂದು ಒಳಗೆ ಹೋದ ಮಾಸ್ತರರನ್ನು ಕುರ್ಚಿ ತೋರಿಸಿ ಕೂರಿಸಿಕೊಂಡರು. ಮಾತು ಕೇಳಿ ಅರ್ಜಿಗಳ ಕಟ್ಟು ಬಿಚ್ಚಿ, ಒಂದನ್ನು ಎಳೆದು ಮೇಜಿನ ಮೇಲೆ ತಿರುಗಿಸಿಟ್ಟರು.

"ಈ ಅಕ್ಷರ ಯಾರದ್ರಿ?"

"ನಂದ ರಿ."

"ಕಾದಿಟ್ಟ ಜಾಗಕ್ಕ ಅರ್ಜಿಯೋ ಅಂತ ಕೇಳೇದ. ಹೌದು ಅಂತ ಬರದೀರಿ. ಇಬ್ಬರದ್ರಾಗೂ ಹಂಗ ಬರದೀರಿ. ಆ ಜಾಗ ಒಂದ. ಹೆಚ್ಚು ಮಾರ್ಕಿನವಗ ಕೊಟ್ಟೇವಿ. ಇನ್ನೊಬ್ಬಾಂವ, ಯಲ್ಲಾರಿ, ನೂರಾ ಅರವತ್ತೆಂಟು ತಗೊಂಡು ಪಾಸ ಆಗ್ಯಾನ. ಖರೆ, ಅವಗ ಜಾಗ ಉಳೀಲಿಲ್ಲ."

"ಸತ್ತೆಪ್ಪನ ಮಾರ್ಕಿಗೆ ದೊಡ್ಡ ಯಾದಿಯೊಳಗ ಜಾಗ ಸಿಗ್ತಿತ್ತಲ್ರಿ?"

"ಸಿಗ್ತಿತ್ತು. ನೀವು ಇಲ್ಲ ಅಂತ ಬರದಿದ್ರ."

ಮಾಸ್ತರರು ತಮ್ಮ ಅಕ್ಷರವನ್ನೇ ನೋಡುತ್ತ ಕೂತರು. ದುಂಡಗಿನ, ನಿಧಾನವಾಗಿ ಬರೆದ "ಹೌದು". ಅದನ್ನು ಬರೆದ ದಿನ ನೆನಪಿತ್ತು. ಲೇಖನಿ ಒಂದು ಗಳಿಗೆಯೂ ನಿಂತಿರಲಿಲ್ಲ. ಸತ್ತೆಪ್ಪ ಜಾಣ ಎಂದು ಅವರಿಗೆ ಗೊತ್ತಿತ್ತು. ಆದರೆ ಪ್ಯಾಟೆಯ ಹುಡುಗರ ನಡುವೆ ಎರಡನೆಯವನಾಗಿ ಬರುತ್ತಾನೆ ಎಂದು ಒಂದು ದಿನವೂ ಅಂದುಕೊಂಡಿರಲಿಲ್ಲ. ಹುಡುಗನ ಮೇಲಿನ ಕಾಳಜಿಯಿಂದ ಬರೆದರೋ, ಅವನನ್ನು ನಂಬದೆ ಬರೆದರೋ, ಈಗ ತಿಳಿಯದಾಯಿತು.

"ಈಗ ಏನೂ ಮಾಡಾಕ ಬರಂಗಿಲ್ಲೇನ್ರಿ?"

ಹೆಡ್ ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ತಪ್ಪಿ ಬರದೇನಿ ಅಂತ ನೀವು ಸಹಿ ಮಾಡಿ ಕೊಟ್ರ ಬದಲಿ ಮಾಡಬಹುದು. ಇವತ್ತ ಐದು ಗಂಟೆ ತನಕ ತಕರಾರು ತಗೋತೇವಿ. ಸತ್ತೆಪ್ಪ ದೊಡ್ಡ ಯಾದಿಗೆ ಬರತಾನ, ಈ ಜಾಗ ಯಲ್ಲಾರಿಗೆ ಹೋಗತದ." ಕನ್ನಡಕ ಹಾಕಿಕೊಂಡು ಹೇಳಿದರು, "ದೊಡ್ಡ ಯಾದಿಯೊಳಗ ಒಬ್ಬಾಂವ ಒಳಗ ಬಂದ್ರ ಕಡೀ ಒಬ್ಬಾಂವ ಹೊರಗ ಬೀಳತಾನ. ಯಾವುದು ನ್ಯಾಯ ಅಂತ ನನ್ನ ಕೇಳಬ್ಯಾಡ್ರಿ. ನನಗೂ ಬಗೀಹರಿದಿಲ್ಲ."

ಮಾಸ್ತರರು ಎದ್ದು ಹೊರಗೆ ಬಂದರು. ಮೂವತ್ತೊಂಬತ್ತನೆಯ ಹೆಸರು ಯಾರದೆಂದು ಮತ್ತೆ ಹೋಗಿ ನೋಡಬೇಕಾಗಿರಲಿಲ್ಲ.

ಬೇವಿನ ಕೆಳಗೆ ಹುಡುಗರು ಎದ್ದು ನಿಂತರು. ಮಾಸ್ತರರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅರ್ಜಿಯ ಮಾತೊಂದನ್ನು ಬಿಟ್ಟರು.

ಸತ್ತೆಪ್ಪನ ಮುಖ ಅರಳಿತು, ಕೂಡಲೇ ಬಾಡಿತು. "ನನ್ನ ಹೆಸರು ಬ್ಯಾರೆ ಹಾಳ್ಯಾಗ ಯಾಕ ಐತ್ರಿ?" ಎಂದ. "ನಾ ಬರದದ್ದು ಅದ ಪ್ರಶ್ನೆ ಅಲ್ರಿ? ಎಲ್ಲಾರ ಕೂಡ ಕುಂತ ಬರದೇನ್ರಿ."

"ಅದ ಪ್ರಶ್ನೆ."

"ಮತ್ತ?"

ಯಲ್ಲಾರಿ ಮರದ ಬುಡದಲ್ಲಿ ಕಾಲಿನಿಂದ ಮಣ್ಣು ಕೆದಕುತ್ತಿದ್ದ. "ಇರ್ಲಿ ಬಿಡ್ರಿ. ನಮ್ಮ ಅಪ್ಪ ಹೆಂಗೂ ಕಾಲಿವಿ ತೋಡೂ ಕೆಲಸಕ್ಕ ಬಾ ಅಂತಿದ್ದ" ಎಂದ. ಧ್ವನಿಯಲ್ಲಿ ಅಳು ಇರಲಿಲ್ಲ. ಇಂಥದ್ದು ಆಗುವುದೇ ಎಂದು ಮೊದಲೇ ಗೊತ್ತಿದ್ದವನ ಹಾಗೆ ಹೇಳಿದ. ಹನ್ನೆರಡು ವರ್ಷದ ಹುಡುಗನ ಬಾಯಲ್ಲಿ ಆ ಸಮಾಧಾನ ಕೇಳಿ ಮಾಸ್ತರರಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವರಿಗೇ ಗೊತ್ತಾಗಲಿಲ್ಲ.

ಮಾಸ್ತರರು ಒಬ್ಬರೇ ರಸ್ತೆಯ ತನಕ ಹೋದರು, ತಿರುಗಿ ಬಂದರು. ಅಪ್ಪಣ್ಣನೂ ಸುಮ್ಮನೆ ಬಂದವನಲ್ಲ. ಲೆಕ್ಕ ತಲೆಗೆ ಹತ್ತದ ಹುಡುಗ. ಬ್ಯಾಸಿಗೆ ರಜೆ ಪೂರಾ ಅರಭಾವಿಗೆ ಬಂದು, ಮಾವನ ಎದುರು ಕೂತು, ತಪ್ಪು ಮಾಡಿ, ಬೈಸಿಕೊಂಡು ಕಲಿತಿದ್ದ. ನೂರಾ ಎಂಬತ್ಮೂರು. ಯಲ್ಲಾರಿಗಿಂತ ಹದಿನೈದು ಹೆಚ್ಚು. ಹೆಚ್ಚು ತೆಗೆದುಕೊಂಡವನನ್ನು ಹೊರಗೆ ಹಾಕಿ ಕಡಿಮೆಯವನನ್ನು ಒಳಗೆ ತರಬೇಕೇ? ಆದರೆ ಅಪ್ಪಣ್ಣ ಕೂತ ಜಾಗ ಸತ್ತೆಪ್ಪನದು. ಸತ್ತೆಪ್ಪ ಕೂತದ್ದು ಯಲ್ಲಾರಿಯದು. ಎಲ್ಲಿಂದ ಹಿಡಿದು ಯೋಚಿಸಿದರೂ ಒಬ್ಬ ಹುಡುಗ ಹೊರಗೇ ಉಳಿಯುತ್ತಿದ್ದ. ಹೊರಗೆ ಉಳಿಯುವವನು ಯಾರೆಂದು ಹೇಳಬೇಕಾದವರು ತಾವು. ಯಾವ ಅಧಿಕಾರದಿಂದ? ಒಂದು ಅರ್ಜಿ ತಪ್ಪು ತುಂಬಿದ ಅಧಿಕಾರದಿಂದ.

ಒಳಗೆ ಹೋಗಿ ಕಾಗದ ಕೇಳಿದರು. ನಾಲ್ಕು ಸಾಲು ಬರೆಯಲು ಬಹಳ ಹೊತ್ತು ಹಿಡಿಯಿತು. ಹೆಡ್ ಮಾಸ್ತರರು ಓದಿ ಕೆಂಪು ಮಸಿಯ ಲೇಖನಿ ಕೈಗೆತ್ತಿಕೊಂಡರು.

"ಕಡೀ ಹೆಸರು ನೋಡೀರೇನು?"

"ನೋಡೇನ್ರಿ."

"ಗುರ್ತಿನವರ ಪೈಕಿನ?"

"ನನ್ನ ತಂಗಿ ಮಗ ರಿ."

ಹೆಡ್ ಮಾಸ್ತರರು ಲೇಖನಿ ಕೆಳಗಿಟ್ಟರು. "ಮನೀಗೆ ಹೋಗಿ ವಿಚಾರ ಮಾಡ್ರಿ. ಬೇಕಾದ್ರ ನಾಳೆ ಮುಂಜಾನಿ ಬರ್ರಿ. ನಾ ತಗೋತೇನಿ."

"ನಾಳೆ ಬಂದ್ರ ನಾ ಬರೀಯಂಗಿಲ್ರಿ" ಎಂದರು ಮಾಸ್ತರರು. "ಈಗ ತಗೋರ್ರಿ."

ಹೆಡ್ ಮಾಸ್ತರರ ಯಾದಿಯಲ್ಲಿ ಕಡೆಯ ಹೆಸರಿನ ಮೇಲೆ ಕೆಂಪು ಗೀಟು ಬಿತ್ತು. ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಯಲ್ಲಾರಿಗೆ ಹೇಳಿದರು. ಅವನು ನಂಬಲಿಲ್ಲ, ಒಮ್ಮೆ ಮಾಸ್ತರರನ್ನೂ ಒಮ್ಮೆ ಸತ್ತೆಪ್ಪನನ್ನೂ ನೋಡಿದ. ಸತ್ತೆಪ್ಪ ಅವನ ಬೆನ್ನಿಗೆ ಗುದ್ದಿದ ಮೇಲೆ ನಕ್ಕ. ಒಳ್ಳೆಯದು ಮಾಡಿದಾಗ ಮನಸ್ಸು ಹಗುರಾಗುತ್ತದೆ ಎಂದು ಮಾಸ್ತರರು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದರು. ಹಗುರಾಗುತ್ತದೆಂದು ಕಾದರು. ಆಗಲಿಲ್ಲ.

ಗೌರವ್ವನ ಮನೆ ಗುಡ್ಡದ ಬುಡದ ಓಣಿಯಲ್ಲಿತ್ತು. ಹುಡುಗರು ರೂಢಿಯಂತೆ ಓಣಿಯಲ್ಲೇ ನಿಂತರು. ಮಾಸ್ತರರು ಒಳಗೆ ಹೋದರು. ಮನೆ ತುಂಬ ಬೆಲ್ಲ, ತುಪ್ಪದ ವಾಸನೆ. ಗೌರವ್ವ ಸಜ್ಜಕ ಮಾಡಿದ್ದಳು.

"ಎಷ್ಟೊತ್ತ ಮಾಡಿದಿ ಅಣ್ಣಾ. ಇವರು ಅಂಗಡಿಯಿಂದ ಎರಡ ಸಲ ಬಂದ ಹ್ವಾದ್ರು. ಕಾಲ ತೊಕ್ಕೊ."

"ಗೌರೀ, ಕುಂಡ್ರು."

ಕೂತಳು. ಅವರು ಅರ್ಜಿಯಿಂದ ಹಿಡಿದು ಕೆಂಪು ಮಸಿಯ ತನಕ, ಒಂದನ್ನೂ ಬಿಡದೆ ಹೇಳಿದರು. ಮುಗಿದ ಮೇಲೆ ಗೌರವ್ವ ಕೇಳಿದಳು, "ಆ ಹುಡುಗ ಖರೇನ ಇಡೀ ಪರೀಕ್ಷಾದಾಗ ಎರಡನೇದಾಂವ ಏನು?"

"ಹೌದು."

"ಹಂಗಂದ್ರ ಮದ್ಲ ನೀ ನೆಟ್ಟಗ ಬರದಿದ್ರ ನಮ್ಮ ಹುಡುಗನ ಹೆಸರ ಬರ್ತಿದ್ದಿಲ್ಲ."

"ಇಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಬರಲಿಲ್ಲಂದ್ರ ಬರಲಿಲ್ಲ ಅಂತ ಸುಮ್ಮನ ಇರ್ತಿದ್ದಿವಿ. ಓಣಿಗೆಲ್ಲಾ ಹೇಳಿ ಬಂದಾನ ಅಂವ. ನಾಕ ತಾಸಿನ ಮಟ್ಟಿಗೆ ಅದನ್ನ ನಮಗ ಯಾಕ ತೋರ್ಸಿದಿ, ಅಣ್ಣಾ?"

"ಮುಂದಿನ ವರ್ಷ ಮತ್ತ ಬರೀಬಹುದಂತ" ಎಂದರು ಮಾಸ್ತರರು.

"ಅದನ್ನ ನೀನ ಹೇಳು ಅವಗ. ನನ್ನ ಬಾಯಿಲೆ ಬರಂಗಿಲ್ಲ." ಎದ್ದು ಒಲೆಯ ಹತ್ತಿರ ಹೋದಳು. ಬೋಗುಣಿಯ ಮುಚ್ಚಳ ತೆಗೆದು, ಬೆನ್ನು ತಿರುಗಿಸಿಯೇ ಕೇಳಿದಳು, "ನಿನ್ನ ಸಂಗಟ ಬಂದ ಹುಡುಗರು ಉಂಡಾವೇನು?"

"ಮುಂಜಾನಿ ರೊಟ್ಟಿ ತಿಂದಿದ್ವು."

ಅವಳು ಎರಡು ಮುತ್ತಲ ಎಲೆಗಳಿಗೆ ಸಜ್ಜಕ ಹಾಕಿ, ಮೇಲೆ ತುಪ್ಪ ಬಿಟ್ಟು, ಮಗನನ್ನು ಕರೆದಳು. ಅಪ್ಪಣ್ಣ ಹಿತ್ತಲಿಂದ ಕುಣಿಯುತ್ತ ಬಂದು, ಎಲೆಗಳನ್ನು ಎರಡೂ ಕೈಯಲ್ಲಿ ಹಿಡಿದು ಓಣಿಗೆ ಹೋದ. ತಾಯಿಯ ಮುಖವನ್ನು ಅವನು ನೋಡಲೇ ಇಲ್ಲ. ಮಾಸ್ತರರಿಗೆ ಇಟ್ಟ ತಾಟು ಹಾಗೇ ಆರಿತು.

ಸ್ವಲ್ಪ ಹೊತ್ತಿನ ಮೇಲೆ ಅವರು ಅಪ್ಪಣ್ಣನಿಗೆ ಹೇಳಿಬಿಡಬೇಕೆಂದು ಎದ್ದು ಹೊಸ್ತಿಲಿಗೆ ಬಂದರು. ಎದುರಿನ ಗೋಡೆಯ ನೆರಳಲ್ಲಿ ಸತ್ತೆಪ್ಪ, ಯಲ್ಲಾರಿ ಎಲೆ ನೆಕ್ಕಿ ಮುಗಿಸಿ ಕೂತಿದ್ದರು. ನಾಲ್ಕು ಮಾರು ಈಚೆ, ಮನೆಯ ಕಟ್ಟೆಯ ಮೇಲೆ ಅಪ್ಪಣ್ಣ ಕುಕ್ಕರುಗಾಲಲ್ಲಿ ಕೂತು ಪರೀಕ್ಷೆಯ ಲೆಕ್ಕವೊಂದನ್ನು ಅವರಿಗೆ ಕೇಳುತ್ತಿದ್ದ.

"ಹನ್ನೆರಡ ಮಂದಿ ಎಂಟ ದಿನಕ್ಕ ಕಾಲಿವಿ ತೋಡ್ತಾರ. ಎರಡ ದಿನ ಆದಮ್ಯಾಲ ಮೂರ ಮಂದಿ ಬಿಟ್ಟ ಹ್ವಾದ್ರು. ಉಳದದ್ದ ಎಷ್ಟ ದಿನಕ್ಕ ಮುಗೀತೈತಿ ಅಂತಲ್ಲ ಲೆಕ್ಕ? ನಾ ಆರು ಅಂತ ಬರದ್ನಿ."

"ಎಂಟು" ಎಂದ ಸತ್ತೆಪ್ಪ.

"ಎಂಟ ಹೆಂಗ? ಎರಡ ದಿನ ಆಗೇ ಹೋಗೇತಲ್ಲಾ?"

"ಮಂದಿ ಕಡಿಮಿ ಆದ್ರಲ್ಲ. ತಡಿ, ತೋರಿಸ್ತೇನಿ."

ಸತ್ತೆಪ್ಪ ಕಡ್ಡಿಯೊಂದನ್ನು ಎತ್ತಿಕೊಂಡು, ಮೊನ್ನೆಯ ಮಳೆಗೆ ಇನ್ನೂ ಹಸಿಯಾಗಿದ್ದ ಮಣ್ಣಿನಲ್ಲಿ ಹನ್ನೆರಡು ಗೀರು ಎಳೆದ. ಕಟ್ಟೆಯ ಮೇಲಿಂದ ಅವು ಕಾಣಲಿಲ್ಲ. ಅಪ್ಪಣ್ಣ ಕುತ್ತಿಗೆ ಚಾಚಿದ, ಆಮೇಲೆ ಕೆಳಗಿಳಿದ, ಅಷ್ಟೂ ಸಾಲದೆಂದು ಇನ್ನೆರಡು ಹೆಜ್ಜೆ ಮುಂದೆ ಹೋಗಿ ಬಗ್ಗಿ ನಿಂತ. ಯಲ್ಲಾರಿ ಅಂಗೈಯಿಂದ ಮೂರು ಗೀರು ಅಳಿಸಿದ.

ಒಳಗಿಂದ ಗೌರವ್ವ ಮಗನನ್ನು ಕರೆದಳು. ಗೀರುಗಳ ಮೇಲೆ ಬಗ್ಗಿದ್ದ ಮೂರು ತಲೆಗಳಲ್ಲಿ ಒಂದೂ ಏಳಲಿಲ್ಲ. ಮಾಸ್ತರರು ಲೆಕ್ಕ ಮುಗಿಯಲೆಂದು ಹೊಸ್ತಿಲ ಮೇಲೆ ಕೂತರು.