ಸ್ಟೋರ್ ರೂಮಿನಲ್ಲಿ ಬಸಕ್ಕ

ತಪಾಸಣೆಯವರು ಹನ್ನೊಂದಕ್ಕೆ ಬರುತ್ತಾರೆಂದು ತಿಳಿದದ್ದೇ ತಡ, ಹೆಡ್‌ಮಾಸ್ಟರ್ ಸಿದ್ದಲಿಂಗಯ್ಯನವರು ಆಯಾ ಬಸಕ್ಕನನ್ನು ಸ್ಟೋರ್ ರೂಮಿಗೆ ಹಾಕಿ ಹೊರಗಿನಿಂದ ಚಿಲಕ ಜಡಿದರು. ಬೆಂಕಿ ಬಿದ್ದಾಗ ಬಾವಿ ತೋಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಪೀಣ್ಯದ ಆ ಖಾಸಗಿ ಶಾಲೆಯಲ್ಲಿ ವಿಶೇಷ ಅಗತ್ಯದ ಮಕ್ಕಳು ಏಳು. ಅವರಿಗೆಂದೇ ತರಬೇತಿ ಪಡೆದಿದ್ದ ಸವಿತಾ ಟೀಚರ್ ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ಅಂದಿನಿಂದ ಅವರನ್ನು ನೋಡಿಕೊಳ್ಳುತ್ತಿದ್ದವಳು ಬಸಕ್ಕ. ಊರು ಲಿಂಗಸೂಗೂರು, ಓದು ನಾಲ್ಕನೇ ಕ್ಲಾಸು, ಹಾಜರಿ ಪುಸ್ತಕದ ಪ್ರಕಾರ ಕೆಲಸ ಬಾತ್‌ರೂಮ್ ತೊಳೆಯುವುದು.

"ಓದಿಲ್ಲದವ್ರು ಈ ಮಕ್ಕಳ ಹತ್ರ ಇದ್ದಾರೆ ಅಂತ ಗೊತ್ತಾದ್ರೆ ನಿನ್ ಕೆಲ್ಸ ಹೋಯ್ತು ಅಂದ್ಕೋ. ಉಸಿರೆತ್ತಬೇಡ ಕಣಮ್ಮ," ಎಂದಿದ್ದರು ಹೆಡ್‌ಮಾಸ್ಟರು.

ಅವಳ ಕುರ್ಚಿಯಲ್ಲಿ ಡ್ರಿಲ್ ಮಾಸ್ಟರ್ ಶಿವಶಂಕರ್ ಕೂತರು. ಇಂಥ ಮಕ್ಕಳಿಗೆ ಕಲಿಸುವ ಬಗ್ಗೆ ಅವರು ಮೂರು ದಿನದ ಶಿಬಿರಕ್ಕೆ ಹೋಗಿ ಬಂದಿದ್ದರು. ಎರಡನೆಯ ದಿನ ಊಟವಾದ ಮೇಲೆ ನಿದ್ದೆ ಹೊಡೆದಿದ್ದರೂ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿದ್ದರು.

ಸ್ಟೋರ್ ರೂಮು ತರಗತಿಗೆ ಅಂಟಿಕೊಂಡೇ ಇತ್ತು; ಬಾಗಿಲಿನ ಸಂದಿಯಿಂದ ಬಸಕ್ಕನಿಗೆ ಎಲ್ಲವೂ ಕೇಳುತ್ತಿತ್ತು. ತಪಾಸಣೆಗೆ ಬಂದ ಚನ್ನಬಸಮ್ಮ ಮೇಡಂ ನೇರವಾಗಿ ಕೇಳಿದರು: "ಮಾತಾಡದ ಮಗುಗೆ ನೀವು ಹೇಗೆ ಕಲಿಸ್ತೀರಿ ಸಾರ್?"

"ವಿಷಲ್ ಊದ್ತೀನಿ ಮೇಡಂ."

ಬಸಕ್ಕ ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ಪಕ್ಕದ ಶೆಡ್ಡಿನಲ್ಲಿ ತಗಡು ಕತ್ತರಿಸುವ ಪವರ್ ಪ್ರೆಸ್ ಶುರುವಾಯಿತು. ಧಡ್, ಧಡ್, ಧಡ್. ಎಂಟು ವರ್ಷದ ಮೇಘಾಗೆ ಮಾತು ಬಾರದು, ಆ ಸದ್ದೆಂದರೆ ಆಗದು. ಕಿವಿ ಮುಚ್ಚಿ ಮೇಜಿಗೆ ತಲೆ ಬಡಿದುಕೊಳ್ಳತೊಡಗಿದಳು. ದಿನವೂ ಈ ಹೊತ್ತಿಗೆ ಬಸಕ್ಕ ಜೋಳದ ರೊಟ್ಟಿ ಬಡಿಯುವ ಹಾಗೆ ಮೇಜಿನ ಮೇಲೆ ಅಂಗೈ ಬಡಿಯುತ್ತಿದ್ದಳು. ಪ್ರೆಸ್ಸಿನ ಸದ್ದಿಗೆ ಸರಿಯಾಗಿ. ಮೇಘಾಳೂ ಬಡಿಯುತ್ತಿದ್ದಳು. ಆಗ ಆ ಸದ್ದು ಅವಳನ್ನು ಹೆದರಿಸುತ್ತಿರಲಿಲ್ಲ.

ಈಗ ಕೈ ಎತ್ತಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಪೀಣ್ಯದಲ್ಲಿ ಇನ್ನೊಂದು ಸಿಕ್ಕೀತು, ಈ ಮಕ್ಕಳು ಸಿಗುವುದಿಲ್ಲ. ಹೊರಗೆ ಮತ್ತೊಮ್ಮೆ ತಲೆ ಮೇಜಿಗೆ ಬಡಿಯಿತು. "ಹಾಳಾಗಿ ಹೋಗ್ಲಿ ನೌಕ್ರಿ!" ಎಂದು ಬಸಕ್ಕ ಪ್ರೆಸ್ಸಿನ ಸದ್ದಿಗೆ ಸರಿಯಾಗಿ ಬಾಗಿಲಿನ ಮೇಲೆ ಎರಡೂ ಅಂಗೈ ಬಡಿಯತೊಡಗಿದಳು.

ಮೇಘಾ ತಲೆ ಎತ್ತಿದಳು.

"ಇಲಿ ಮೇಡಂ," ಎಂದರು ಸಿದ್ದಲಿಂಗಯ್ಯನವರು.

"ಇಷ್ಟು ತಾಳ ಗೊತ್ತಿರೋ ಇಲೀನಾ?"

ಮೇಘಾ ಹೋಗಿ ಚಿಲಕ ತೆಗೆದು, ತಲೆಗೆಲ್ಲ ಜೇಡರ ಬಲೆ ಮೆತ್ತಿಕೊಂಡಿದ್ದ ಬಸಕ್ಕನನ್ನು ಎಳೆದು ತಂದಳು. ಆಮೇಲೆ ಶಿವಶಂಕರ್ ಮಾಸ್ಟರ ಕೈ ಹಿಡಿದಳು. ಮಗುವಿಗೆ ತನ್ನ ಮೇಲೆ ಪ್ರೀತಿ ಬಂತೆಂದು ಅವರು ನಗುತ್ತಲೇ ಹಿಂದೆ ಹೋದರು. ಮೇಘಾ ಅವರನ್ನು ಸ್ಟೋರ್ ರೂಮಿಗೆ ದಬ್ಬಿ ಚಿಲಕ ಹಾಕಿದಳು.

ಚನ್ನಬಸಮ್ಮನವರು ನಗಲಿಲ್ಲ; ತುಟಿ ಕಚ್ಚಿಕೊಂಡಿದ್ದರು, ಅಷ್ಟೇ. ಹಾಜರಿ ಪುಸ್ತಕ ತರಿಸಿ ನೋಡಿದರು.

"ತಿಂಗಳೊಳಗೆ ತರಬೇತಿ ಆಗಿರೋ ಟೀಚರ್ ಬರ್ಬೇಕು. ಅದರಲ್ಲಿ ರಿಯಾಯಿತಿ ಇಲ್ಲ. ಈ ಮಕ್ಕಳಿಗೆ ಅದು ಹಕ್ಕು."

ಬಸಕ್ಕನ ಕಣ್ಣು ತುಂಬಿತು. "ಖರೇ ಐತ್ರಿ ಮೇಡಂ. ಅಕ್ಷರ ಕಲಿಸಾಕ ನನಗ ಬರೂದಿಲ್ಲ. ಹಂಗಾರ ನಾ ಹೋಗ್ಲೇನ್ರಿ?"

"ಎಲ್ಲಿಗೆ? ಆ ಟೀಚರಿಗೆ ಸಹಾಯಕಿ ಬೇಡ್ವಾ? ಹೆಡ್‌ಮಾಸ್ಟರೇ, ಬಾತ್‌ರೂಮಿಗೆ ಬೇರೆಯವರನ್ನ ನೋಡ್ಕೊಳ್ಳಿ. ಇವರ ಹೆಸರು ಇಲ್ಲಿ ಬರೀರಿ, ನನ್ನ ಮುಂದೆ. ತರಬೇತಿಗೂ ಕಳಿಸಿ."

ಸಿದ್ದಲಿಂಗಯ್ಯನವರು ಬೆವರು ಒರೆಸಿಕೊಂಡು ಬರೆದರು. ಬಸಕ್ಕ ಇಣುಕಿ, ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಕೊಂಡಳು.

"ಮೇಡಂ, ಬಾಗ್ಲು..." ಎಂದು ಒಳಗಿನಿಂದ ಶಿವಶಂಕರ್ ಕೂಗಿದರು.

ಚನ್ನಬಸಮ್ಮನವರು ಬಸಕ್ಕನ ಮುಖ ನೋಡಿದರು. ಬಸಕ್ಕ ಮೇಘಾಳ ಮುಖ ನೋಡಿದಳು. ಮಗು ಸಮಾಧಾನವಾಗಿ ಅಂಗೈ ಬಡಿಯುತ್ತಿತ್ತು.

"ಪ್ರೆಸ್ ನಿಂದ್ರೂ ತನಕ ಒಳಗ ಇರ್ಲಿ ಬಿಡ್ರಿ," ಎಂದಳು ಹೊಸ ಸಹಾಯಕಿ.